ಸಾರ್ವಜನಿಕ ಜಾಗದ ಕುಂಡಗಳು ಮತ್ತು ಹಸಿರು ಗೋಡೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚೌಕ, ಫುಟ್‌ಪಾತ್, ಬಸ್ ನಿಲ್ದಾಣ, ಮೇಲ್ಸೇತುವೆಯ ಕಂಬ ಇಂಥಲ್ಲೆಲ್ಲ ಗಿಡ ಬೆಳೆಸುವುದು ಮನೆಯಂಗಳದಲ್ಲಿ ಬೆಳೆಸಿದ ಹಾಗಲ್ಲ. ಬೇರಿಗೆ ನೆಲದ ಆಸರೆಯಿಲ್ಲ, ರಜೆಯ ದಿನ ನೀರು ಹಾಕುವವರಿಲ್ಲ, ಹಗಲು ರಾತ್ರಿ ಜನರ ಓಡಾಟ ತಪ್ಪುವುದಿಲ್ಲ. ಯೋಜನೆ ಹಾಕುವವರು, ಗುತ್ತಿಗೆದಾರರು ಮತ್ತು ನಿತ್ಯ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಕುಂಡ, ಬಳ್ಳಿ ಹಬ್ಬಿಸಿದ ಗೋಡೆ, ಹಸಿರು ಗೋಡೆ: ನಮ್ಮ ಜಾಗಕ್ಕೆ ಯಾವುದು ಸರಿ?

ನೀರು ನಿಂತುಹೋದರೆ ಗಿಡ ಎಷ್ಟು ಹೊತ್ತು ತಡೆಯುತ್ತದೆ ಎಂದು ಮೊದಲು ಕೇಳಿಕೊಳ್ಳಿ. ನೆಲದಲ್ಲಿ ಚೆನ್ನಾಗಿ ಬೇರೂರಿ ತಂತಿಯ ಮೇಲೆ ಹಬ್ಬಿದ ಬಳ್ಳಿ ವಾರಗಟ್ಟಲೆ ತಡೆಯುತ್ತದೆ. 300 ಲೀಟರ್ ಮಣ್ಣಿರುವ ಕುಂಡದ ಪೊದೆ ಬೇಸಿಗೆಯಲ್ಲೂ ನಾಲ್ಕೈದು ದಿನ ತಾಳಿಕೊಳ್ಳುತ್ತದೆ. ಹಸಿರು ಗೋಡೆ ಎಂದರೆ ಗೋಡೆಯ ಮೇಲೆಯೇ ಗಿಡ ನೆಟ್ಟು ಪಂಪಿನಿಂದ ನೀರು ಕೊಡುವುದು. ಒಂದೊಂದು ಗಿಡಕ್ಕೂ ಒಂದೆರಡು ಲೀಟರ್ ಮಣ್ಣಷ್ಟೇ ಸಿಗುವ ಪೆಟ್ಟಿಗೆ ಮಾದರಿಯ ಹಸಿರು ಗೋಡೆಗೆ ಸಿಗುವುದು ಒಂದೆರಡು ದಿನ. ನಾರು ಒತ್ತಿ ಮಾಡಿದ ಫೆಲ್ಟ್ ಬಟ್ಟೆಯ ಮೇಲೆ ಬೆಳೆಸಿದ ಗೋಡೆಗೆ ಬಿರುಬಿಸಿಲಲ್ಲಿ ಕೆಲವೇ ಗಂಟೆ.

ಪಂಪು ಕೆಟ್ಟದ್ದು ಗೊತ್ತಾಗಿ, ದುರಸ್ತಿಯವರು ಬಂದು, ಬಿಡಿಭಾಗ ಸಿಕ್ಕಿ, ಮತ್ತೆ ನೀರು ಹರಿಯಲು ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ? ಇದ್ದದ್ದನ್ನು ಇದ್ದ ಹಾಗೆ ಲೆಕ್ಕ ಹಾಕಿ. ಆ ದಿನಗಳಿಗಿಂತ ಹೆಚ್ಚು ತಡೆಯುವ ವ್ಯವಸ್ಥೆಯನ್ನೇ ಆರಿಸಿ. ಐದು ವರ್ಷದ ನಿರ್ವಹಣೆಗೆ ಹಣ ಮತ್ತು ಆಳು ಎರಡೂ ಖಚಿತವಿಲ್ಲದ ಕಡೆ ಹಸಿರು ಗೋಡೆ ಬೇಡ. ಅಲ್ಲಿ ಗೋಡೆಯ ಬುಡದಲ್ಲಿ ಆಳವಾದ ಮಣ್ಣು ತುಂಬಿ ಬಳ್ಳಿ ಹಬ್ಬಿಸಿ. ಗೋಡೆ ತುಂಬಲು ಎರಡು ಮೂರು ವರ್ಷ ಬೇಕು, ನಿಜ. ಆದರೆ ತುಂಬಿದ ಮೇಲೆ ಅದು ಒಂದು ಪಂಪಿನ ಮರ್ಜಿಯಲ್ಲಿ ಬದುಕುವುದಿಲ್ಲ.

ಕುಂಡಕ್ಕೆ ಯಾವ ವಸ್ತು ಹೆಚ್ಚು ಬಾಳುತ್ತದೆ?

ಕಾಂಕ್ರೀಟ್ ಕುಂಡವನ್ನು ಯಾರೂ ಎತ್ತಿಕೊಂಡು ಹೋಗಲಾರರು, ಬಿಸಿಲಿಗೂ ಅದು ಜಗ್ಗುವುದಿಲ್ಲ. ಅದು ಕೆಡುವುದು ಒಳಗಿನ ಕಬ್ಬಿಣದ ಸಳಿಯಿಂದ. ಸಳಿ ಮೇಲ್ಮೈಗೆ 20 ಮಿ.ಮೀ.ಗಿಂತ ಹತ್ತಿರ ಬಂದಿದ್ದರೆ ತೇವ ತಾಗಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಸತು ಲೇಪಿಸಿದ ಸಳಿ ಬಳಸಿ. ಚೂಪು ಅಂಚು ಮೊದಲು ಒಡೆಯುವುದರಿಂದ ಅಂಚುಗಳನ್ನು 10 ಮಿ.ಮೀ. ಓರೆ ಮಾಡಿಸಿ. ಗಾಜಿನ ನಾರು ಬೆರೆಸಿದ ಕಾಂಕ್ರೀಟ್ ಆದ ಜಿಆರ್‌ಸಿಯ ಗೋಡೆ 10ರಿಂದ 15 ಮಿ.ಮೀ. ಇದ್ದರೆ ಸಾಕು, ತೂಕ ಬಹಳ ಇಳಿಯುತ್ತದೆ. ಆದರೆ ಲಾರಿಯ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ.

ಕಂದು ತುಕ್ಕಿನ ಬಣ್ಣದ ವೆದರಿಂಗ್ ಸ್ಟೀಲ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಒದ್ದೆಯಾಗಿ ಮತ್ತೆ ಒಣಗುವ ಕಡೆ ಮಾತ್ರ ಅದರ ಮೇಲೆ ರಕ್ಷಣೆಯ ತುಕ್ಕಿನ ಪದರ ನಿಲ್ಲುತ್ತದೆ. ಕುಂಡದ ಒಳಮೈ ಸದಾ ಒದ್ದೆ, ಅಲ್ಲಿ ತುಕ್ಕು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಒಳಗೆ ಬಿಟುಮಿನ್ ಅಥವಾ ಎಪಾಕ್ಸಿ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆಯ ಒಳಪದರ ಹಾಕಬೇಕು. ಮೊದಲ ಒಂದೆರಡು ವರ್ಷ ಕಂದು ನೀರು ಇಳಿದು ನೆಲಗಲ್ಲಿಗೆ ಕಲೆಯಾಗುತ್ತದೆ. ಕಡಲ ಉಪ್ಪುಗಾಳಿ ಬೀಸುವಲ್ಲಿ ಇದನ್ನು ಇಡಲೇಬೇಡಿ.

3 ಮಿ.ಮೀ. ದಪ್ಪದ, ಪೌಡರ್ ಕೋಟ್ ಮಾಡಿದ ಅಲ್ಯೂಮಿನಿಯಂಗೆ ಕಬ್ಬಿಣದಂಥ ತುಕ್ಕಿಲ್ಲ. ಆದರೆ ಬಿಸಿಲು ಬೀಳುವ ಬದಿಯಲ್ಲಿ ಲೋಹ ಕಾದು, ತಾಗಿಕೊಂಡ ಮಣ್ಣು 40 ಡಿಗ್ರಿ ದಾಟಿದರೆ ಬೇರು ಬೇಯುತ್ತದೆ. ಒಳಬದಿಗೆ 20 ಮಿ.ಮೀ. ಉಷ್ಣನಿರೋಧಕ ಹಲಗೆ ಕೊಡಿ. ಸ್ಟೇನ್‌ಲೆಸ್ ಬೋಲ್ಟು ಹಾಕುವಲ್ಲಿ ನಡುವೆ ನೈಲಾನ್ ವಾಷರ್ ಇರಲಿ, ಇಲ್ಲವಾದರೆ ತೇವದಲ್ಲಿ ಎರಡು ಲೋಹ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ.

ಎಫ್‌ಆರ್‌ಪಿ (ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್) ಹಗುರ, ಮಹಡಿಗೆ ಒಳ್ಳೆಯದು. ಬಿಸಿಲಿಗೆ ಹೊಳಪು ಹೋಗಿ ಸುಣ್ಣದಂಥ ಪುಡಿ ಏಳುತ್ತದೆ. ಅಚ್ಚನ್ನು ತಿರುಗಿಸುತ್ತ ಎರಕ ಹೊಯ್ದ ರೋಟೋ ಮೋಲ್ಡ್ ಪ್ಲಾಸ್ಟಿಕ್ ಆದರೆ ಬಿಸಿಲಿನ ಯುವಿ ಕಿರಣ ತಡೆಯುವ ದರ್ಜೆಯದೇ ಬೇಕು. ಒಂದು ಮೀಟರಿಗಿಂತ ಉದ್ದವಿದ್ದರೆ ಹೊಟ್ಟೆ ಉಬ್ಬದಂತೆ ನಡುವೆ ಅಡ್ಡಪಟ್ಟಿ ಇದೆಯೇ ನೋಡಿಕೊಳ್ಳಿ.

ತೂಕದ ಲೆಕ್ಕ ಹೇಗೆ?

ಹೊರ ಅಳತೆ 120×60×60 ಸೆಂ.ಮೀ., ಗೋಡೆ ಮತ್ತು ತಳ 5 ಸೆಂ.ಮೀ. ದಪ್ಪ ಇರುವ ಕಾಂಕ್ರೀಟ್ ಕುಂಡವನ್ನು ತೆಗೆದುಕೊಳ್ಳಿ. ಒಳಗಿನ ಜಾಗ 110×50×55, ಅಂದರೆ ಸುಮಾರು 300 ಲೀಟರ್. ಚೆನ್ನಾಗಿ ನೆನೆದ ಮಿಶ್ರಣ ಲೀಟರಿಗೆ 1.3 ಕೆ.ಜಿ. ತೂಗಿದರೆ ಮಣ್ಣೇ 390 ಕೆ.ಜಿ. ಕಾಂಕ್ರೀಟ್ ಸುಮಾರು 0.13 ಘನ ಮೀಟರ್, ಘನ ಮೀಟರಿಗೆ 2,400 ಕೆ.ಜಿ.ಯಂತೆ 310 ಕೆ.ಜಿ. ಒಟ್ಟು 700 ಕೆ.ಜಿ. ಕೂರುವ ಜಾಗ 0.72 ಚದರ ಮೀಟರ್. ಅಂದರೆ ಪ್ರತಿ ಚದರ ಮೀಟರಿಗೆ 970 ಕೆ.ಜಿ. ಹೊರೆ.

ಜನ ಓಡಾಡುವ ಛಾವಣಿಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ 400ರಿಂದ 500 ಕೆ.ಜಿ. ಹೊರೆಗೆ ಲೆಕ್ಕ ಹಾಕಿರುತ್ತಾರೆ. ಕೆಳಗೆ ವಾಹನ ನಿಲ್ದಾಣವೋ ಸುರಂಗವೋ ಇದ್ದರೆ ಈ ಕುಂಡವನ್ನು ಮನಬಂದಲ್ಲಿ ಇಡುವಂತಿಲ್ಲ. ಅಷ್ಟೇ ಮಣ್ಣನ್ನು 30 ಕೆ.ಜಿ. ತೂಗುವ ಎಫ್‌ಆರ್‌ಪಿ ಕುಂಡದಲ್ಲಿ, ಲೀಟರಿಗೆ 1 ಕೆ.ಜಿ.ಯ ಹಗುರ ಮಿಶ್ರಣವಾಗಿ ತುಂಬಿದರೆ ಹೊರೆ 460ಕ್ಕೆ ಇಳಿಯುತ್ತದೆ. ಆಗಲೂ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಮೇಲೆಯೇ ಇಡಿ, ಸಾಧ್ಯವಾದಷ್ಟು ಕಂಬ ಅಥವಾ ತೊಲೆಯ ನೇರಕ್ಕೆ ಇಡಿ. ಒಣ ಮಣ್ಣಿನ ತೂಕ ಹಾಕಿ ಲೆಕ್ಕ ಮುಗಿಸುವುದೇ ಇಲ್ಲಿ ಹೆಚ್ಚಾಗಿ ಆಗುವ ತಪ್ಪು.

ಎಷ್ಟು ಆಳ ಬೇಕು?

ಋತುವಿನ ಹೂಗಿಡಕ್ಕೆ 25ರಿಂದ 30 ಸೆಂ.ಮೀ., ಪೊದೆಗೆ 45ರಿಂದ 60, ಚಿಕ್ಕ ಮರಕ್ಕೆ 80ರಿಂದ 100 ಸೆಂ.ಮೀ. ಆಳದ ಜೊತೆಗೆ ಕನಿಷ್ಠ ಒಂದು ಘನ ಮೀಟರ್ ಮಣ್ಣು. ಹತ್ತು ಚಿಕ್ಕ ಕುಂಡ ಕೊಳ್ಳುವ ಹಣದಲ್ಲಿ ಮೂರು ದೊಡ್ಡವು ಬರುವುದಾದರೆ ದೊಡ್ಡವನ್ನೇ ಕೊಳ್ಳಿ.

ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಯೇ?

ಇಲ್ಲ. ಒಂದು ಸ್ಪಂಜನ್ನು ನೀರಲ್ಲಿ ಅದ್ದಿ, ತಟ್ಟೆಯಂತೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಒಳಗಿನ ಸಣ್ಣ ರಂಧ್ರಗಳು ನೀರನ್ನು ಹಿಡಿದುಕೊಂಡಿರುತ್ತವೆ, ಮೇಲಿನ ನೀರಿನ ಭಾರ ಸಾಕಷ್ಟಾದಾಗ ಮಾತ್ರ ಬಿಡುತ್ತವೆ. ಕುಂಡದ ಮಣ್ಣೂ ಹೀಗೆಯೇ. ಅದರ ತಳದ ಕೆಲವು ಸೆಂ.ಮೀ. ಸದಾ ಪೂರ್ತಿ ನೆನೆದಿರುತ್ತದೆ. ಕೆಳಗೆ 10 ಸೆಂ.ಮೀ. ಜಲ್ಲಿ ಹಾಕಿದರೆ ಆ ನೆನೆದ ಪದರ ಹೋಗುವುದಿಲ್ಲ, 10 ಸೆಂ.ಮೀ. ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೆ.

ಜಲ್ಲಿಯ ಬದಲು 25 ಮಿ.ಮೀ.ನ ತೂತುಗಳನ್ನು 30 ಸೆಂ.ಮೀ.ಗೊಂದರಂತೆ ಕೊರೆಯಿಸಿ, ಮೇಲೆ ಜಾಲರಿಯ ತುಂಡು ಇಡಿ. ಕುಂಡದಡಿಯಲ್ಲಿ 20 ಮಿ.ಮೀ. ಎತ್ತರದ ರಬ್ಬರ್ ಕಾಲುಗಳಿರಲಿ. ತಳ ನೆಲಕ್ಕೆ ಅಂಟಿ ಕೂತರೆ ತೂತು ಎಷ್ಟಿದ್ದರೂ ಪ್ರಯೋಜನವಿಲ್ಲ.

ಮಣ್ಣಿನ ಮಿಶ್ರಣ ಹೇಗಿರಬೇಕು?

ಬರೀ ತೋಟದ ಮಣ್ಣು ಕುಂಡದಲ್ಲಿ ಗಟ್ಟಿಯಾಗುತ್ತದೆ. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಗೊಬ್ಬರ ತುಂಬಿದರೆ ಎರಡೇ ವರ್ಷದಲ್ಲಿ ಕೊಳೆತು ಕುಸಿಯುತ್ತದೆ, ಗಿಡ ಕುಂಡದೊಳಗೆ ಹೂತುಹೋದಂತೆ ಕಾಣುತ್ತದೆ. ಕೊಳೆಯದ ಭಾಗ ಅರ್ಧಕ್ಕಿಂತ ಹೆಚ್ಚಿರಬೇಕು. ಹಲವು ವರ್ಷ ನಿಲ್ಲುವ ಪೊದೆಗಳಿಗೆ 1,000 ಲೀಟರಿನ ಒಂದು ಮಿಶ್ರಣ ಹೀಗೆ: 3ರಿಂದ 8 ಮಿ.ಮೀ. ಗಾತ್ರದ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಇಟ್ಟಿಗೆ ಚೂರು 350 ಲೀಟರ್, ದಪ್ಪ ಮರಳು 150, ತೋಟದ ಮಣ್ಣು 150, ತೊಳೆದ ಕೊಕೊಪೀಟ್ 200, ಪೂರ್ತಿ ಕಳಿತ ಕಾಂಪೋಸ್ಟ್ 150. ಜೊತೆಗೆ ನಿಧಾನವಾಗಿ ಕರಗುವ ಗೊಬ್ಬರ 3 ಕೆ.ಜಿ. ಮಹಡಿಯ ಮೇಲಾದರೆ ಮರಳು ಮತ್ತು ತೋಟದ ಮಣ್ಣಿನ ಬದಲು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಕಾಳು) ಹಾಕಿ.

ಕೊಕೊಪೀಟ್ ತೊಳೆದದ್ದೇ ಎಂದು ಖಚಿತ ಮಾಡಿಕೊಳ್ಳಿ. ಉಪ್ಪು ಉಳಿದ ಕೊಕೊಪೀಟಿನಿಂದ ಎಳೆಗಿಡದ ಎಲೆತುದಿ ಸುಡುತ್ತದೆ. 15 ಸೆಂ.ಮೀ. ಪದರವಾಗಿ ತುಂಬುತ್ತ, ಪ್ರತಿ ಪದರಕ್ಕೂ ನೀರು ಹಾಕಿ ಇಳಿಯಲು ಬಿಡಿ. ಅಂಚಿಗಿಂತ 5 ಸೆಂ.ಮೀ. ಕೆಳಗೇ ನಿಲ್ಲಿಸಿ, ಇಲ್ಲದಿದ್ದರೆ ಹಾಕಿದ ನೀರು ಮಣ್ಣಿಗಿಳಿಯದೆ ಹೊರಗೆ ಹರಿಯುತ್ತದೆ.

ತಳದಲ್ಲಿ ನೀರಿನ ತೊಟ್ಟಿ ಇರುವ ಕುಂಡಗಳು ಪ್ರಯೋಜನಕ್ಕೆ ಬರುತ್ತವೆಯೇ?

ಬರುತ್ತವೆ, ಟ್ಯಾಂಕರಿನಿಂದ ನೀರು ಹಾಕುವ ಕಡೆಗಳಲ್ಲಿ ಇವು ದೊಡ್ಡ ಉಪಕಾರ. ಆದರೆ ಮೊದಲ ಐದಾರು ವಾರ ಮೇಲಿನಿಂದಲೇ ನೀರು ಹಾಕಬೇಕು, ಬೇರು ಇನ್ನೂ ಕೆಳಗಿನ ತೇವಕ್ಕೆ ಇಳಿದಿರುವುದಿಲ್ಲ. ತೊಟ್ಟಿ ತುಂಬಿದೆ ಎಂದು ನಂಬಿ ಬಿಟ್ಟ ಎಷ್ಟೋ ಗಿಡಗಳು ಒಣಗುವುದು ಈ ಹೊತ್ತಿನಲ್ಲೇ. ಹೆಚ್ಚಾದ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಒಂದು ಮಳೆಗೇ ಬೇರು ಮುಳುಗುತ್ತದೆ. ಮಣ್ಣಿನ ಮೇಲೆ ಬಿಳಿ ಉಪ್ಪು ಕಂಡಾಗ, ಹೊರಕೊಳವೆಯಿಂದ ಧಾರಾಳವಾಗಿ ಹರಿಯುವವರೆಗೆ ಮೇಲಿನಿಂದ ನೀರು ಹಾಕಿ ತೊಳೆಯಿರಿ.

ಫುಟ್‌ಪಾತ್ ಮೇಲೆ ಎಲ್ಲಿ ಇಡಬಹುದು?

ನಡೆಯುವವರಿಗೆ, ಗಾಲಿಕುರ್ಚಿಯವರಿಗೆ 1.8 ಮೀಟರ್ ಅಗಲದ ದಾರಿ ಬಿಟ್ಟ ಮೇಲೆ ಉಳಿದ ಜಾಗದಲ್ಲಿ. ಅಷ್ಟು ಉಳಿಯದಿದ್ದರೆ ಅಲ್ಲಿ ಕುಂಡ ಬೇಡ. ಕುಂಡದ ಮೈ ನೆಲದ ಸಮೀಪದವರೆಗೂ ನೇರವಾಗಿ ಇಳಿದಿರಲಿ. ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಆಕಾರ ಬಿಳಿಕೋಲಿಗೆ ಸಿಗುವುದಿಲ್ಲ, ದೃಷ್ಟಿಯಿಲ್ಲದವರ ಮೊಣಕಾಲಿಗೆ ಬಡಿಯುತ್ತದೆ. ರಸ್ತೆ ದಾಟುವ ಜಾಗ ಮತ್ತು ತಿರುವುಗಳಲ್ಲಿ ಕುಂಡ, ಗಿಡ ಎರಡೂ ಸೇರಿ 60 ಸೆಂ.ಮೀ. ಮೀರಬಾರದು, ಹಿಂದೆ ನಿಂತ ಮಗು ಚಾಲಕರಿಗೆ ಕಾಣಬೇಕು. ಮ್ಯಾನ್‌ಹೋಲ್ ಮುಚ್ಚಳ, ಅಗ್ನಿಶಾಮಕ ನಲ್ಲಿಗಳ ಮೇಲೆ ಇಡುವುದು ಸಲ್ಲದು.

ವಾಹನ ನುಗ್ಗದಂತೆ ತಡೆಯಲು ಸಾಮಾನ್ಯ ಕುಂಡವನ್ನು ನೆಚ್ಚಬೇಡಿ. ಎಷ್ಟೇ ಭಾರವಿದ್ದರೂ ವೇಗದ ವಾಹನ ಅದನ್ನು ತಳ್ಳಿಕೊಂಡು ಹೋಗುತ್ತದೆ, ಆಗ ಕುಂಡವೇ ಜನರ ಮೇಲೆ ಬೀಳುತ್ತದೆ. ಆ ಕೆಲಸಕ್ಕೆ ವಾಹನ ತಡೆಗಳ ಐಎಸ್ಒ 22343ರಂಥ (2023ಕ್ಕೆ ಮೊದಲು ಐಡಬ್ಲ್ಯುಎ 14) ಅಂತರರಾಷ್ಟ್ರೀಯ ಮಾನದಂಡದಂತೆ ಡಿಕ್ಕಿ ಪರೀಕ್ಷೆಯಾದ ಕುಂಡಗಳು ಬೇರೆಯೇ ಇವೆ.

ಗಿಡ ಕಿತ್ತುಕೊಂಡು ಹೋಗುತ್ತಾರೆ, ಕಸ ತುಂಬುತ್ತಾರೆ. ಏನು ಮಾಡುವುದು?

ಕಳವಾಗುವುದು ಹೆಚ್ಚಾಗಿ ಬೇರು ಹಿಡಿಯದ ಮೊದಲ ವಾರಗಳಲ್ಲಿ. ಮಣ್ಣಿನ ಮೇಲ್ಮೈಯಿಂದ 5 ಸೆಂ.ಮೀ. ಕೆಳಗೆ ಸತು ಲೇಪಿಸಿದ ಜಾಲರಿ ಹಾಸಿ, ಕಣ್ಣು ಕತ್ತರಿಸಿ ಅದರ ಮೂಲಕ ಗಿಡ ನೆಡಿ. ಬೇರುಂಡೆ ಜಾಲರಿಯ ಕೆಳಗೆ ಉಳಿಯುತ್ತದೆ, ಎಳೆದರೆ ಬರುವುದಿಲ್ಲ. ಗಿಡ ದಪ್ಪವಾದಂತೆ ಕಣ್ಣನ್ನು ಅಗಲಿಸಲು ಮರೆಯಬೇಡಿ. ಕಸಕ್ಕೆ ಮದ್ದು ದಟ್ಟವಾಗಿ ನೆಡುವುದೇ. ಬರಿಮಣ್ಣು ಕಂಡಲ್ಲಿ ಬೀಡಿ ತುಂಡು, ಲೋಟ ಬಂದು ಬೀಳುತ್ತವೆ. ಮೊದಲ ದಿನವೇ ಮಣ್ಣು ಕಾಣದಷ್ಟು ಗಿಡ ಇರಲಿ. ಅಂಚಿನ ಎತ್ತರ 45 ಸೆಂ.ಮೀ. ಇದ್ದರೆ ಜನ ಕೂರುತ್ತಾರೆ. ಅದು ಒಳ್ಳೆಯದೇ, ಅಂಚನ್ನು 30 ಸೆಂ.ಮೀ. ಅಗಲ ಮಾಡಿ ಕೂರಲು ಬಿಡಿ, ಗಿಡ ತುಳಿಯುವುದು ತಪ್ಪುತ್ತದೆ.

ಹಸಿರು ಗೋಡೆಯನ್ನು ಹೇಗೆ ಕಟ್ಟುತ್ತಾರೆ?

ಕಲ್ಪನೆ ಹೊಸದಲ್ಲ. ಅಮೆರಿಕದ ಭೂದೃಶ್ಯ ವಿನ್ಯಾಸದ ಪ್ರಾಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್ 1938ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಗರಗಳಲ್ಲಿ ಹೆಸರು ತಂದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಪ್ಯಾರಿಸ್ಸಿನಲ್ಲಿ 2006ರಲ್ಲಿ ತೆರೆದ ಕೇ ಬ್ರಾನ್ಲಿ ವಸ್ತುಸಂಗ್ರಹಾಲಯದ ಗೋಡೆ ಅವರದೇ. ಅವರ ವಿಧಾನದಲ್ಲಿ ಲೋಹದ ಚೌಕಟ್ಟು, ಅದರ ಮೇಲೆ 10 ಮಿ.ಮೀ. ಪಿವಿಸಿ ಹಲಗೆ, ಹಲಗೆಗೆ ಹೊಡೆದ ಎರಡು ಪದರ ಪಾಲಿಅಮೈಡ್ ಫೆಲ್ಟ್ ಇರುತ್ತದೆ. ಮಣ್ಣಿಲ್ಲ, ಬೇರು ಫೆಲ್ಟಿನಲ್ಲೇ ಹಬ್ಬುತ್ತದೆ. ತೂಕ ಚದರ ಮೀಟರಿಗೆ 30 ಕೆ.ಜಿ. ಆಸುಪಾಸು. ಮಣ್ಣಿನ ಪೆಟ್ಟಿಗೆಗಳ ಗೋಡೆ ನೆನೆದಾಗ 50ರಿಂದ 80 ಕೆ.ಜಿ. ತೂಗುತ್ತದೆ.

ಎರಡರಲ್ಲೂ ಕಟ್ಟಡದ ಗೋಡೆಗೂ ಹಲಗೆಗೂ ನಡುವೆ ಕನಿಷ್ಠ 40 ಮಿ.ಮೀ. ಗಾಳಿಯಾಡುವ ಸಂದು ಬೇಕು. ತೇವ ಕಟ್ಟಡಕ್ಕೆ ಇಳಿಯದಂತೆ ಕಾಪಾಡುವುದು ಈ ಸಂದೇ. ಆಂಕರ್ ಬೋಲ್ಟುಗಳನ್ನು ಹಾಕಿದ ಮೇಲೆ ಕೆಲವನ್ನಾದರೂ ಎಳೆದು ಪರೀಕ್ಷಿಸಿ. ಹಳೆಯ ಇಟ್ಟಿಗೆ ಗೋಡೆ ಹೊರಗೆ ಗಟ್ಟಿ ಕಂಡರೂ ಒಳಗಿನ ಗಾರೆ ಪುಡಿಯಾಗಿರಬಹುದು. ಕೆಳಗೆ ಬಸಿದ ನೀರು ಹಿಡಿಯಲು 15 ಸೆಂ.ಮೀ. ಅಗಲದ ಸ್ಟೇನ್‌ಲೆಸ್ ದೋಣಿ, ನೂರಕ್ಕೆ ಒಂದರಷ್ಟು ಇಳಿಜಾರು, ಬಾಯಿಗೆ ಎಲೆ ತಡೆಯುವ ಜಾಲರಿ.

ಗೋಡೆಗೆ ಎಷ್ಟು ನೀರು, ದಿನಕ್ಕೆ ಎಷ್ಟು ಸಲ?

ಸಾಮಾನ್ಯ ಬಿಸಿಲಿಗೆ ಚದರ ಮೀಟರಿಗೆ ದಿನಕ್ಕೆ 2ರಿಂದ 5 ಲೀಟರ್. 10 ಮೀಟರ್ ಉದ್ದ, 3 ಮೀಟರ್ ಎತ್ತರದ ಫೆಲ್ಟ್ ಗೋಡೆಗೆ 4 ಲೀಟರಿನಂತೆ ದಿನಕ್ಕೆ 120 ಲೀಟರ್ ಬೇಕು. ಒಂದೊಂದು ಮೀಟರ್ ಎತ್ತರಕ್ಕೆ ಒಂದರಂತೆ ಮೂರು ಡ್ರಿಪ್ ಕೊಳವೆ, 15 ಸೆಂ.ಮೀ.ಗೊಂದು ಗಂಟೆಗೆ 2 ಲೀಟರ್ ತೊಟ್ಟಿಕ್ಕಿಸುವ ಡ್ರಿಪ್ಪರ್ ಅಂದರೆ ಒಟ್ಟು 200 ಡ್ರಿಪ್ಪರ್, ಗಂಟೆಗೆ 400 ಲೀಟರ್. 120 ಲೀಟರಿಗೆ 18 ನಿಮಿಷ ಸಾಕು. ಆದರೆ 18 ನಿಮಿಷವನ್ನು ಒಟ್ಟಿಗೆ ಕೊಟ್ಟರೆ ನೀರು ದೋಣಿಗೆ ಇಳಿದುಹೋಗುತ್ತದೆ. 3 ನಿಮಿಷದಂತೆ ಆರು ಸಲ ಕೊಡಿ, ಬಿಸಿಲೇರುವ ಹೊತ್ತಿಗೆ ಹತ್ತಿರ ಹತ್ತಿರ, ರಾತ್ರಿ ಒಂದೇ ಸಲ.

ಡ್ರಿಪ್ಪರ್ ಒತ್ತಡ ಸರಿದೂಗಿಸುವ ಬಗೆಯದೇ ಆಗಬೇಕು. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಕಡಿಮೆಯಾಗುತ್ತದೆ, ಸಾಮಾನ್ಯ ಡ್ರಿಪ್ಪರ್ ಆದರೆ ಕೆಳಗೆ ಸುರಿದು ಮೇಲೆ ಒಣಗುತ್ತದೆ. 120 ಮೆಶ್ ಫಿಲ್ಟರ್, ಒತ್ತಡ ನಿಯಂತ್ರಕ, ಕುಡಿಯುವ ನೀರಿನ ಕೊಳವೆಗೆ ಗೊಬ್ಬರದ ನೀರು ಹಿಮ್ಮರಳದಂತೆ ತಡೆಯುವ ಸಾಧನ, ನೀರು ಹರಿಯದಿದ್ದರೆ ಫೋನಿಗೆ ಸಂದೇಶ ಕಳಿಸುವ ಫ್ಲೋ ಮೀಟರ್ ಇವಿಷ್ಟೂ ಬೇಕು. ಹಣ ಸಾಲದೆಂದು ಕೊನೆಯದನ್ನು ಕೈಬಿಡುವವರೇ ಹೆಚ್ಚು. ಅದನ್ನು ಕೈಬಿಟ್ಟರೆ ನೀರು ನಿಂತ ಸುದ್ದಿಯನ್ನು ಬಾಡಿದ ಗೋಡೆಯೇ ಹೇಳಬೇಕಾಗುತ್ತದೆ. ಮಣ್ಣಿಲ್ಲದ ಗೋಡೆಗೆ ಗೊಬ್ಬರವನ್ನು ನೀರಲ್ಲೇ ಕೊಡಬೇಕು: ಕರಗಿದ ಉಪ್ಪಿನ ಅಳತೆಯಾದ ಇಸಿ 0.8ರಿಂದ 1.2 ಎಂಎಸ್/ಸೆಂ.ಮೀ., ಹುಳಿ-ಕ್ಷಾರದ ಅಳತೆಯಾದ ಪಿಎಚ್ 5.5ರಿಂದ 6.5.

ಯಾವ ಗಿಡಗಳು?

ಒಂದೇ ಗೋಡೆಯಲ್ಲೂ ಹವೆ ಒಂದೇ ಇರುವುದಿಲ್ಲ. ಮೇಲಂಚು ಮತ್ತು ಮೂಲೆಗಳಲ್ಲಿ ಗಾಳಿ ಬಿಸಿಲು ಹೆಚ್ಚು, ಬುಡದಲ್ಲಿ ನೆರಳು ತೇವ ಹೆಚ್ಚು. ದಪ್ಪ ಎಲೆಯ, ಒಣಹವೆ ತಡೆಯುವ ಗಿಡ ಮೇಲಿರಲಿ, ಜರಿಗಿಡಗಳು ಕೆಳಗಿರಲಿ. ಒಂದೇ ಜಾತಿ ತುಂಬಿದರೆ ಬಿಳಿ ಹಿಟ್ಟುತಿಗಣೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಲೀಸಾಗಿ ಹರಡುತ್ತದೆ. ಕಡಿಮೆಯೆಂದರೆ ಎಂಟು ಹತ್ತು ಜಾತಿ ಸೇರಿಸಿ. ಫೆಲ್ಟಿಗೆ ಚದರ ಮೀಟರಿಗೆ 25ರಿಂದ 30 ಗಿಡ ಹಿಡಿಯುತ್ತದೆ. ಪೆಟ್ಟಿಗೆಗಳಾದರೆ ನರ್ಸರಿಯಲ್ಲೇ ಎರಡು ಮೂರು ತಿಂಗಳು ನೆಟ್ಟಗೆ ನಿಲ್ಲಿಸಿ ಬೆಳೆಸಿದವನ್ನು ತನ್ನಿ. ಮಕ್ಕಳ ಕೈಗೆಟಕುವಲ್ಲಿ ಕಣಗಿಲೆ, ಡಿಫೆನ್‌ಬಾಖಿಯಾದಂಥ ವಿಷದ ಗಿಡ ಬೇಡ.

ಬಳ್ಳಿಗೋಡೆಗೆ 4 ಮಿ.ಮೀ. ಸ್ಟೇನ್‌ಲೆಸ್ ತಂತಿಹಗ್ಗ, 30ರಿಂದ 40 ಸೆಂ.ಮೀ. ಅಂತರ, ಗೋಡೆಯಿಂದ 10 ಸೆಂ.ಮೀ. ದೂರ. ಗೋಡೆಗೇ ಅಂಟಿ ಏರುವ ಫೈಕಸ್ ಪ್ಯುಮಿಲಾದಂಥವಕ್ಕೆ ತಂತಿ ಬೇಡ, ಆದರೆ ಬಿರುಕಿಲ್ಲದ ಗಟ್ಟಿ ಗಾರೆಯ ಮೇಲೆ ಮಾತ್ರ ಬಿಡಿ.

ಸೊಳ್ಳೆ ಹೆಚ್ಚುವುದಿಲ್ಲವೇ?

ಹರಿದುಹೋಗುವ ನೀರಲ್ಲಿ ಸೊಳ್ಳೆ ಬೆಳೆಯುವುದಿಲ್ಲ. ತೊಂದರೆ ದೋಣಿ, ತಟ್ಟೆ, ಮುಚ್ಚಳವಿಲ್ಲದ ಟ್ಯಾಂಕುಗಳಲ್ಲಿ. ಬಿಸಿಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ದೋಣಿಯಲ್ಲಿ ನಿಂತ ನೀರನ್ನು ಬಳಿದು ತೆಗೆಯಿರಿ, ಟ್ಯಾಂಕಿನ ಗಾಳಿಕೊಳವೆಗೆ ಸಣ್ಣ ಜಾಲರಿ ಕಟ್ಟಿ.

ಬೆಂಕಿಯ ಭಯ?

ಹಸಿಯಾದ ಗಿಡ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಒಣಗಿದ ಎಲೆ ಮತ್ತು ಹಿಂದಿನ ಪ್ಲಾಸ್ಟಿಕ್ ಪೆಟ್ಟಿಗೆ ಹೊತ್ತಿಕೊಳ್ಳುತ್ತವೆ. ಒಣಗಿದ್ದನ್ನು ಆಗಾಗ ತೆಗೆಯಿರಿ, ಕಿಟಕಿ ಮತ್ತು ಹೊರದಾರಿಗಳ ಸುತ್ತ ಗಿಡವಿಲ್ಲದ ಪಟ್ಟಿ ಬಿಡಿ. ನೀರು ನಿಂತು ಪೂರ್ತಿ ಒಣಗಿದ ಗೋಡೆಯನ್ನು ಮುಂದಿನ ಬಜೆಟ್‌ವರೆಗೆ ಹಾಗೇ ಬಿಡಬೇಡಿ, ಇಳಿಸಿಬಿಡಿ.

ಹಸಿರು ಗೋಡೆ ಊರಿನ ಗಾಳಿಯನ್ನು ಶುದ್ಧ ಮಾಡುತ್ತದೆಯೇ?

ಎಲೆಗಳ ಮೇಲೆ ಸ್ವಲ್ಪ ದೂಳು ಕೂರುತ್ತದೆ, ಅಷ್ಟೆ. ವಾಹನಗಳ ಹೊಗೆಗೆ ಇದು ಪರಿಹಾರವಲ್ಲ. ಹಿಂದಿನ ಗೋಡೆಗೆ ಬಿಸಿಲು ಬೀಳದೆ ಅದು ತಂಪಾಗಿರುತ್ತದೆ, ಹಕ್ಕಿ ಚಿಟ್ಟೆ ಬರುತ್ತವೆ, ದಿನವೂ ಹಾದುಹೋಗುವವರ ಕಣ್ಣಿಗೆ ಹಿತ. ಇಷ್ಟನ್ನೇ ಹೇಳಿ ಒಪ್ಪಿಗೆ ಪಡೆಯಿರಿ.

ನಿರ್ವಹಣೆಯ ಕರಾರಿನಲ್ಲಿ ಏನಿರಬೇಕು?

ದಿನವೂ ನೀರು ಹರಿದ ದಾಖಲೆ ನೋಡುವುದು. ವಾರಕ್ಕೊಮ್ಮೆ ಕಣ್ಣಾರೆ ತಪಾಸಣೆ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು ಕೊಳವೆಯ ಕೊನೆ ಬಿಚ್ಚಿ ಕೆಸರು ಹೊರಬಿಡುವುದು. ಮೂರು ತಿಂಗಳಿಗೊಮ್ಮೆ ಗಿಡ ಕತ್ತರಿಸುವುದು. ವರ್ಷಕ್ಕೊಮ್ಮೆ ಬೋಲ್ಟುಗಳ ಪರೀಕ್ಷೆ. ವರ್ಷಕ್ಕೆ ನೂರಕ್ಕೆ ಐದರಿಂದ ಹತ್ತು ಗಿಡ ಬದಲಿಸಲು ಹಣ ತೆಗೆದಿಡಿ. ನೀರು ನಿಂತ ಸಂದೇಶ ಬಂದ ಮೇಲೆ ದುರಸ್ತಿಯವರು ಎಷ್ಟು ಗಂಟೆಯೊಳಗೆ ಬರಬೇಕು ಎಂಬುದನ್ನು ಅಂಕಿಯಲ್ಲೇ ಬರೆಯಿರಿ. ‘ಕೂಡಲೇ’ ಎಂದು ಬರೆದರೆ ಸಾಲದು. ಕಟ್ಟಿದವರಿಗೇ ಮೊದಲ ಎರಡು ವರ್ಷದ ನಿರ್ವಹಣೆ ವಹಿಸಿ.

ಗೋಡೆಯ ಒಂದು ಭಾಗ ಒಣಗುತ್ತಿದೆ. ಕಾರಣ ಹುಡುಕುವುದು ಹೇಗೆ?

ಒಣಗಿದ ಜಾಗದ ಆಕಾರ ನೋಡಿ. ಅಡ್ಡಲಾಗಿ ಇಡೀ ಸಾಲು ಹೋಗಿದ್ದರೆ ಆ ಕೊಳವೆ ಕಟ್ಟಿದೆ ಅಥವಾ ವಾಲ್ವ್ ಮುಚ್ಚಿದೆ. ಮೇಲಿಂದ ಕೆಳಗೆ ಕಿರಿದಾದ ಪಟ್ಟಿಯಾಗಿದ್ದರೆ ಒಂದು ಡ್ರಿಪ್ಪರ್ ಕಟ್ಟಿದೆ. ಅಂಚುಗಳು ಮಾತ್ರ ಆದರೆ ಗಾಳಿ. ಬುಡದಲ್ಲಿ ಹಳದಿಯಾಗಿ, ಬೇರು ಕಂದಾಗಿ ನಾರುತ್ತಿದ್ದರೆ ನೀರು ಹೆಚ್ಚಾಗಿದೆ ಅಥವಾ ದೋಣಿ ಕಟ್ಟಿದೆ. ಎಲ್ಲ ಕಡೆ ಎಲೆತುದಿ ಸುಟ್ಟಿದ್ದರೆ ಉಪ್ಪು. ದೋಣಿಯ ನೀರಿನ ಇಸಿ ಕೊಡುವ ನೀರಿನ ಎರಡು ಪಟ್ಟು ದಾಟಿದ್ದರೆ ಬರಿ ನೀರು ಹಾಯಿಸಿ ತೊಳೆಯಿರಿ.

ಆಮೇಲೆ ಲೋಟದ ಪರೀಕ್ಷೆ. ಒಣಗಿದ ಭಾಗದ ಡ್ರಿಪ್ಪರ್ ಕೆಳಗೆ ಅಳತೆಯ ಲೋಟ ಹಿಡಿದು ಹತ್ತು ನಿಮಿಷ ನೀರು ಬಿಡಿ. 2 ಲೀಟರ್ ಡ್ರಿಪ್ಪರ್ ಆದರೆ ಸುಮಾರು 330 ಮಿ.ಲೀ. ಬರಬೇಕು. 300ಕ್ಕಿಂತ ಕಡಿಮೆಯಾದರೆ ಕಟ್ಟಿದೆ, 370 ದಾಟಿದರೆ ಒಳಗಿನ ರಬ್ಬರ್ ಪೊರೆ ಹೋಗಿದೆ ಅಥವಾ ಒತ್ತಡ ಮಿತಿಮೀರಿದೆ. ಪಕ್ಕದ ಹಸಿರಾದ ಜಾಗದ ಎರಡು ಡ್ರಿಪ್ಪರ್‌ಗಳನ್ನೂ ಅಳೆದು ಹೋಲಿಸಿ. ಈ ಅಳತೆ ಸರಿಬಂದ ಮೇಲಷ್ಟೇ ಹೊಸ ಗಿಡ ನೆಡಿ.